ಹಲ್ಲಿಮರಿಗೆ ಊಟ ಹಾಕುವವರು ಯಾರು?

ಮಕ್ಕಳೇ, ಬೇಸಿಗೆ ರಜೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಅಜ್ಜಿಮನೆಗೆ ಹೋಗುತ್ತೀರಿ. ಹಂಚಿನ ಮನೆಯ ಗೋಡೆಯಲ್ಲಿ ಪುಟ್ಟ ಹಲ್ಲಿಮರಿ ಕಾಣುತ್ತದೆ. ಬಾಟಲಿಯಲ್ಲಿಟ್ಟು ಅನ್ನ ಹಾಕಿ ಸಾಕೋಣ ಎನಿಸುತ್ತದೆಯೇ? ಬೇಡ, ಅದು ಬದುಕದು. ಹಲ್ಲಿಯ ಆಹಾರ ಜೀವಂತ ಹುಳುಗಳು. ಮರಿಗೆ ಸೊಳ್ಳೆ, ಸಣ್ಣ ಪತಂಗ, ಚಿಕ್ಕ ಜೇಡ ಬೇಕು.

ಮನೆಹಲ್ಲಿ ಸಾಮಾನ್ಯವಾಗಿ ಒಮ್ಮೆಗೆ 2 ಮೊಟ್ಟೆ ಇಡುತ್ತದೆ. ಕೋಳಿಯಂತೆ ಕಾವು ಕೊಡುವುದಿಲ್ಲ, ಗುಬ್ಬಿಯಂತೆ ಗುಟುಕು ಕೊಡುವುದಿಲ್ಲ. ಹಾಗಾದರೆ ಮರಿ ಉಪವಾಸವೇ? ಇಲ್ಲ. ಮೊಟ್ಟೆಯ ಹಳದಿ ಭಾಗದ ಉಳಿಕೆ ಅದರ ಹೊಟ್ಟೆಯಲ್ಲೇ ಇರುತ್ತದೆ. ಮೊದಲ ದಿನಗಳಿಗೆ ಅದೇ ಬುತ್ತಿ! ಆಮೇಲೆ ದೀಪದ ಬಳಿ ತಾನೇ ಬೇಟೆಯಾಡುತ್ತದೆ, ನೀರಿನ ಹನಿ ನೆಕ್ಕುತ್ತದೆ.

ಹಿಡಿಯಲು ಹೋದರೆ ಹಲ್ಲಿ ಬಾಲ ಕಳಚಿ ಓಡುತ್ತದೆ. ಬಾಲ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅದರಲ್ಲಿ ಕೂಡಿಟ್ಟ ಕೊಬ್ಬು ನಷ್ಟವಾಗುತ್ತದೆ.

ನೀವು ಮಾಡಬಹುದಾದ ಆರೈಕೆ ಇಷ್ಟೇ:
• ಅಟ್ಟ ಗುಡಿಸುವಾಗ ಮೊಟ್ಟೆ ಸಿಕ್ಕರೆ ಹೊರಳಿಸಬೇಡಿ. ಒಳಗಿನ ಮರಿ ಸಾಯಬಹುದು.
• ಮರಿ ಬೀಳದಂತೆ ನೀರಿನ ಬಕೆಟ್ ಮುಚ್ಚಿಡಿ.
• ಮನೆಹಲ್ಲಿಗೆ ವಿಷವಿಲ್ಲ. ಆದರೂ ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ.

ಮಾಡಿ ನೋಡಿ: ಸಂಜೆ ದೀಪದಿಂದ ದೂರ ಕುಳಿತು, ಅರ್ಧ ಗಂಟೆಯಲ್ಲಿ ಹಲ್ಲಿ ಎಷ್ಟು ಹುಳು ಹಿಡಿಯಿತೆಂದು ಎಣಿಸಿ ಬರೆದಿಡಿ. ಶಾಲೆ ತೆರೆದಾಗ ಗೆಳೆಯರ ಲೆಕ್ಕದೊಂದಿಗೆ ಹೋಲಿಸಿ.