ವಾರ್ನಿಷಿನ ಚಿಂದಿ

ಮನೆಯಲ್ಲಿ ಮದುವೆಯೋ ಹಬ್ಬವೋ ಸಮೀಪಿಸಿತೆಂದರೆ ಗೋಡೆಗಳಿಗೆ ಸುಣ್ಣವಾಗುವುದು, ಬಾಗಿಲು ಕಿಟಕಿಗಳಿಗೆ ವಾರ್ನಿಷಾಗುವುದು. ಸುಣ್ಣವು ಕಣ್ಣಿಗೆ ಬೀಳಬಾರದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ವಾರ್ನಿಷಿನ ವಿಷಯದಲ್ಲಿ ಮಾತ್ರ ನಾವೆಲ್ಲರೂ ಬಹಳ ಉದಾಸೀನರು. ಈ ಉದಾಸೀನತೆಯ ಫಲವನ್ನು ನಾವೇ ಒಮ್ಮೆ ಉಂಡವರಾದುದರಿಂದ ಇಷ್ಟನ್ನು ಬರೆಯುವ ಧೈರ್ಯ ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗಳ ಮದುವೆಗೆಂದು ತಲೆಬಾಗಿಲಿಗೆ ಅಗಸೆ ಎಣ್ಣೆಯನ್ನೂ ಟರ್ಪೆಂಟೈನನ್ನೂ ಬೆರೆಸಿ ತಿಕ್ಕಿಸಿದೆವು. ಸಂಜೆ ಆಚಾರಿಯು ಎಣ್ಣೆಯ ಚಿಂದಿಗಳನ್ನೆಲ್ಲ ಮುದ್ದೆಮಾಡಿ, ಉಗ್ರಾಣದ ಮೂಲೆಯಲ್ಲಿ ಗೋಣಿಚೀಲಗಳ ಹಿಂದೆ ಇಟ್ಟು ಹೋದನು. ಅಲ್ಲಿ ದೀಪವಿರಲಿಲ್ಲ, ಒಲೆಯಿರಲಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ನಮ್ಮ ತಾಯಿಯವರು, “ಏನೋ ಕಮಟು ವಾಸನೆ ಬರ್ತಾ ಇದೆ, ಏಳಪ್ಪ” ಎಂದು ಎಬ್ಬಿಸಿದರು. ಹೋಗಿ ನೋಡಿದರೆ ಮುದ್ದೆಯ ನಡುಭಾಗ ಕರಿದಾಗಿ ಹೊಗೆಯಾಡುತ್ತಿದ್ದಿತು. ಒಂದು ಗೋಣಿಯ ಅಂಚು ಸುಟ್ಟಿದ್ದಿತು. ಸಲಿಕೆಯಿಂದ ಅಂಗಳಕ್ಕೆಳೆದೊಡನೆ ಗಾಳಿ ತಗುಲಿ ಭಗ್ಗೆಂದು ಹತ್ತಿಕೊಂಡಿತು. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿದ್ದರು. ಬೆಳಗ್ಗೆ ನಾವೆಲ್ಲರೂ ಆಚಾರಿಯ ಬೀಡಿಯನ್ನು ದೂರಿದೆವು. ಆ ಬಡಪಾಯಿಗೆ ಬೀಡಿಯ ಚಟವೇ ಇರಲಿಲ್ಲವೆಂಬುದೂ, ತಪ್ಪು ಬೆಂಕಿಯದಲ್ಲ ಎಣ್ಣೆಯದೆಂಬುದೂ ನಮಗೆ ತಿಳಿದುದು ಆಮೇಲೆ. ಅವನೆದುರು ತಲೆಯೆತ್ತಲು ನಮಗೆ ಬಹುದಿನ ಸಂಕೋಚವಾಗಿದ್ದಿತು.

ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವುದು. ಹಾಗಾಗುವಾಗ ಶಾಖವು ಹುಟ್ಟುವುದು. ಬಾಗಿಲ ಮೇಲೆ ತೆಳುವಾಗಿ ಹರಡಿದಾಗ ಆ ಶಾಖವು ಗಾಳಿಗೆ ಹೋಗಿಬಿಡುವುದು. ಮುದ್ದೆಯೊಳಗಾದರೋ ಅದಕ್ಕೆ ಹೊರದಾರಿಯಿಲ್ಲ. ಗಂಟೆಗಂಟೆಗೂ ಏರುತ್ತ ಹೋಗಿ ಬಟ್ಟೆಯೇ ಹೊತ್ತಿಕೊಳ್ಳುವುದು. ಇದು ಹಳ್ಳಿಮನೆಯ ಉಗ್ರಾಣದ ಮಾತಷ್ಟೇ ಅಲ್ಲ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಅಂತಸ್ತಿನ ಕಟ್ಟಡದ 22ನೆಯ ಅಂತಸ್ತಿನಲ್ಲಿ ಇಂಥವೇ ಅಗಸೆ ಎಣ್ಣೆಯ ಚಿಂದಿಗಳಿಂದ ಬೆಂಕಿಯೆದ್ದು, ಮೂವರು ಅಗ್ನಿಶಾಮಕರು ಪ್ರಾಣ ತೆತ್ತರು. ತಾನಾಗಿ ನೀರು ಚಿಮ್ಮುವ ಕೊಳವೆಗಳಿದ್ದ 30ನೆಯ ಅಂತಸ್ತಿಗೆ ತಲುಪಿದ ಮೇಲೆಯೇ ಆ ಬೆಂಕಿ ನಿಂತಿತು.

ಉಪಾಯವು ಕಷ್ಟದ್ದಲ್ಲ. ಕೆಲಸ ಮುಗಿದೊಡನೆ ಚಿಂದಿಗಳನ್ನು ಹೊರಗೆ, ಹಗ್ಗದ ಮೇಲೋ ಬರಿಯ ನೆಲದ ಮೇಲೋ, ಒಂದರ ಮೇಲೊಂದು ಬೀಳದಂತೆ ಹರಡಿ ಬಿರುಸಾಗುವವರೆಗೆ ಒಣಗಿಸತಕ್ಕದ್ದು. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡತಕ್ಕದ್ದು.

ಟರ್ಪೆಂಟೈನು, ತಿನ್ನರುಗಳ ಅಪಾಯ ಬೇರೆ ಬಗೆಯದು. ಇವುಗಳ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲವನ್ನೇ ಹಿಡಿದು ಹರಿದು, ದೂರದ ಒಲೆಯನ್ನೋ ದೇವರ ಮುಂದಿನ ನಂದಾದೀಪವನ್ನೋ ಮುಟ್ಟಬಲ್ಲುದು. ಬಳಿಯುವ ದಿನ ಕಿಟಕಿಗಳೆಲ್ಲ ತೆರೆದಿರಲಿ. ದೇವರ ದೀಪವೂ ಅಂದು ಬೇರೆ ಕಡೆ ಬೆಳಗಲಿ, ಅದರಿಂದ ಭಕ್ತಿಗೇನೂ ಕುಂದಿಲ್ಲ. ಚೆಲ್ಲಿದ ಎಣ್ಣೆ ಹತ್ತಿಕೊಂಡರೆ ಅದರ ಮೇಲೆ ನೀರನ್ನು ಎರಚಕೂಡದು, ಉರಿಯು ತೇಲಿಕೊಂಡು ಹರಡುವುದು, ಮರಳನ್ನು ಸುರಿಯಬೇಕು. ಕೈಮೀರಿದರೆ ಎಲ್ಲರೂ ಹೊರಗೆ ಬಂದು 112ಕ್ಕೆ ದೂರವಾಣಿ ಮಾಡುವುದೇ ಸರಿ.

ಆದರೆ ನಮ್ಮನ್ನು ಹೆಚ್ಚಾಗಿ ಹೆದರಿಸುವುದು ಬೆಂಕಿಯಲ್ಲ, ಬಾಟಲಿ. ಮಿಕ್ಕ ಟರ್ಪೆಂಟೈನನ್ನು ಷರಬತ್ತಿನ ಬಾಟಲಿಗೆ ಸುರಿದು ಅಡಿಗೆಮನೆಯ ಕಪಾಟಿನಲ್ಲಿಡುವ ಪದ್ಧತಿ ಎಷ್ಟು ಮನೆಗಳಲ್ಲಿಲ್ಲ! ಬಾಯಾರಿದ ಮಗುವಿಗೆ ಅದು ನೀರಿನಂತೆಯೇ ಕಾಣುವುದು. ಮಗು ಕುಡಿದುಬಿಟ್ಟರೆ ಮನೆಯ ಹಿರಿಯರು ಮೊದಲು ಓಡುವುದು ಉಪ್ಪುನೀರಿಗೆ. ದಯವಿಟ್ಟು ಅವರ ಕೈ ಹಿಡಿಯಿರಿ. ವಾಂತಿ ಮಾಡಿಸಕೂಡದು, ಗಂಟಲಿಗೆ ಬೆರಳು ಹಾಕಕೂಡದು. ಹೊಟ್ಟೆಯಲ್ಲಿದ್ದಾಗ ಮಾಡುವ ಕೇಡಿಗಿಂತಲೂ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ಮಾಡುವ ಕೇಡು ದೊಡ್ಡದು. ಬಾಯಿಯನ್ನು ಒರೆಸಿ, ಎಣ್ಣೆ ತಗುಲಿದ ಬಟ್ಟೆಯನ್ನು ಬಿಚ್ಚಿ, ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಬಾಟಲಿಯನ್ನೂ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಆಗ ನಗುತ್ತಾ ಆಡುತ್ತಾ ಇದ್ದರೂ ಒಯ್ಯಬೇಕು, ಏಕೆಂದರೆ ಕೆಮ್ಮು ಉಬ್ಬಸಗಳು ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು.

ಕಣ್ಣಿಗೆ ಸಿಡಿದರೆ ಉಜ್ಜದೆ ಕಾಲು ಗಂಟೆಯಾದರೂ ಶುದ್ಧವಾದ ನೀರನ್ನು ಹರಿಯಬಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು. ಶಾಯಿ, ಬೆಣ್ಣೆಗಳು ಬೇಡ.

ಹಳೆಯ ಬಣ್ಣವನ್ನು ಕೆರೆಯುವವರಿಗೆ ಇನ್ನೊಂದು ಮಾತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ಕಟ್ಟಳೆಯು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳೇಳಬಹುದು. ಒದ್ದೆಮಾಡಿ ಉಜ್ಜಿಸಿ, ಗರ್ಭಿಣಿಯರನ್ನೂ ಮಕ್ಕಳನ್ನೂ ಆ ದಿನಗಳಲ್ಲಿ ಬೇರೆಡೆಗೆ ಕಳುಹಿಸುವುದು ಲೇಸು.

ನಮ್ಮ ಆಚಾರಿಯು ಈಚೆಗೂ ನಮ್ಮಲ್ಲಿ ಕೆಲಸಕ್ಕೆ ಬರುತ್ತಾನೆ. ಸಂಜೆ ಚಿಂದಿಗಳನ್ನು ಬಟ್ಟೆಯೊಣಗಿಸುವ ತಂತಿಯ ಮೇಲೆ ಒಂದೊಂದಾಗಿ ಹರವಿ, ನಮ್ಮ ತಾಯಿಯವರನ್ನು ಕರೆದು ತೋರಿಸಿಯೇ ಮನೆಗೆ ಹೊರಡುತ್ತಾನೆ.