‘ಹಗುರ’ ಎನ್ನುವ ಅಮಲಿನ ಅಸಲು ತೂಕ

ಬೀದರ್‌ ಜಿಲ್ಲೆಗೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. 2024ರ ಏಪ್ರಿಲ್‌ನಲ್ಲಿ ಔರಾದ್‌ ತಾಲ್ಲೂಕಿನ ವನಮಾರಪಳ್ಳಿ ಚೆಕ್‌ಪೋಸ್ಟ್‌ ಬಳಿ ಸುಮಾರು 1,500 ಕೆ.ಜಿ. ಗಾಂಜಾ ಸಿಕ್ಕಿಬಿದ್ದದ್ದು ಈ ಗಡಿದಾರಿಯಲ್ಲೇ. ಗಾಂಜಾ ಎಂದರೆ ಮೂಟೆ, ವಾಸನೆ, ತೂಕ. ಕಾನೂನೂ ಅದನ್ನು ಕೆ.ಜಿ. ಲೆಕ್ಕದಲ್ಲೇ ಅಳೆಯುತ್ತದೆ. ಆದರೆ ಅಮೆರಿಕ, ಯುರೋಪುಗಳಲ್ಲಿ ಹಬ್ಬಿರುವ, ಗಾಂಜಾ ಗಿಡದ ಅಂಶಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮಾಡುವ ಅರೆಕೃತಕ ಕ್ಯಾನಬಿನಾಯ್ಡ್‌ಗಳದ್ದು ಮಿಲಿಗ್ರಾಂ ಲೆಕ್ಕ. ಆವಿ ಸೇದುವ ಬೆರಳುದ್ದದ ಕೊಳವೆಯಾದ ವೇಪ್‌ನಲ್ಲೋ ಜೆಲ್ಲಿ ಮಿಠಾಯಿಯಲ್ಲೋ ಅಡಗುತ್ತವೆ. ‘ಇದು ಗಾಂಜಾಕ್ಕಿಂತ ಹಗುರ’ ಎಂಬುದು ಅವುಗಳ ಬೆನ್ನಿಗೇ ಬರುವ ಮಾತು. ಹಾಗೆ ಹೇಳಿದವನ ಅನುಭವ ಸುಳ್ಳಲ್ಲ. ಆದರೆ ಒಬ್ಬನ ಅನುಭವ ಇನ್ನೊಬ್ಬನಿಗೆ ಜಾಮೀನಾಗಲಾರದು.

ಕಾರಣ ತಯಾರಿಕೆಯಲ್ಲೇ ಇದೆ. ಗಾಂಜಾ ಗಿಡದಲ್ಲಿರುವ, ಅಮಲೇರಿಸದ ಸಿಬಿಡಿ ಎಂಬ ಅಂಶವನ್ನು ಆಮ್ಲದ ನೆರವಿನಿಂದ ಅಮಲೇರಿಸುವ ಡೆಲ್ಟಾ-8 ಟಿಎಚ್‌ಸಿಯಾಗಿ ಮಾರ್ಪಡಿಸಬಹುದು. ಅದಕ್ಕೆ ಹೈಡ್ರೋಜನ್‌ ಸೇರಿಸಿದರೆ ಎಚ್‌ಎಚ್‌ಸಿ. ಎಚ್‌ಎಚ್‌ಸಿಗೆ ಎರಡು ರೂಪಗಳಿವೆ: ಒಂದು ಮಿದುಳಿನ ಗ್ರಾಹಕಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದರ ಹಿಡಿತ ಸಡಿಲ. ಯಾವುದರ ಪಾಲು ಎಷ್ಟು ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ಹೀಗಾಗಿ ಹೆಸರು ಒಂದೇ ಆದರೂ ಇಂದಿನ ಪೊಟ್ಟಣ ಹಿತವಾದ ಮಂಪರು ತಂದರೆ, ನಾಳಿನದು ಎದೆ ಡವಗುಟ್ಟಿಸಿ ದಿಗಿಲು ಹುಟ್ಟಿಸಬಹುದು.

ಅಮೆರಿಕದಲ್ಲಿ ಡೆಲ್ಟಾ-8 ಬಳಸುತ್ತಿದ್ದ 521 ಮಂದಿಯ ಸಮೀಕ್ಷೆಯೊಂದರಲ್ಲಿ ಹೆಚ್ಚಿನವರು ಮೈಮನ ಸಡಿಲವಾಯಿತು, ಖುಷಿಯಾಯಿತು ಎಂದರು. ಭಯ, ಸಂಶಯ ಕಡಿಮೆ ಎಂದರು. ಆದರೆ ಹಿಡಿಸಿದ್ದನ್ನು ಮುಂದುವರಿಸಿದವರೇ ಇಂಥ ಸಮೀಕ್ಷೆಗಳಿಗೆ ಹೆಚ್ಚಾಗಿ ಸಿಗುತ್ತಾರೆ. ಒಮ್ಮೆ ಹೆದರಿ ಬಿಟ್ಟವರ ದನಿ ಅಲ್ಲಿ ಕೇಳಿಸುವುದಿಲ್ಲ. ಅದು ಕೇಳಿಸುವುದು ಬೇರೆ ಕಡೆ. 2021ರ ಜನವರಿಯಿಂದ 2022ರ ಫೆಬ್ರುವರಿವರೆಗೆ ಅಲ್ಲಿನ ವಿಷಚಿಕಿತ್ಸಾ ಮಾಹಿತಿ ಕೇಂದ್ರಗಳಿಗೆ ಇದೇ ಡೆಲ್ಟಾ-8ರ 2,362 ಪ್ರಕರಣಗಳು ಬಂದವು. ಅವುಗಳಲ್ಲಿ ಶೇ 41ರಷ್ಟು 18 ವರ್ಷದೊಳಗಿನವರವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಬಂದ ದೂರುಗಳಲ್ಲಿ ವಾಂತಿ, ನಡುಕ, ಗೊಂದಲ, ಇಲ್ಲದ್ದು ಕಾಣುವುದು, ಪ್ರಜ್ಞೆ ತಪ್ಪುವುದು ಎಲ್ಲವೂ ಇದ್ದವು.

ಶಿವರಾತ್ರಿಗೆ ಭಂಗಿ ಕುಡಿಯುವ ನಾಡಿದು, ಗಿಡದಿಂದ ಬಂದದ್ದಕ್ಕೆ ಇಷ್ಟು ಅಂಜಿಕೆ ಏಕೆ ಎಂದು ಕೇಳುವವರುಂಟು. ಭಂಗಿಯೂ ನಿರಪಾಯವಲ್ಲ. ಆದರೂ ಎಷ್ಟು ಅರೆದರೆ ಎಷ್ಟು ಏರುತ್ತದೆಂಬ ಅಂದಾಜು ತಲೆಮಾರುಗಳ ಬಳಕೆಯಿಂದ ಬಂದದ್ದು. ಪ್ರಯೋಗಾಲಯದಲ್ಲಿ ಗುಣ ಬದಲಿಸಿಕೊಂಡ ವಸ್ತುವಿಗೆ ಆ ಅಂದಾಜು ಹೊಂದುವುದಿಲ್ಲ. ನಮ್ಮ ಜಿಲ್ಲೆಯ ಭಾಲ್ಕಿಗೆ, ಔರಾದಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂಬ ಮಾತಿಗೂ ಉತ್ತರವಿದೆ. ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ 2025ರ ಮಾರ್ಚ್‌ನಲ್ಲಿ ಎಚ್‌ಎಚ್‌ಸಿಯನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತಂದದ್ದೇ ಅದು ಗಡಿಗಳನ್ನು ದಾಟಿದ ಮೇಲೆ. ಮೂಟೆಗಳೇ ದಾಟಲು ನೋಡುವ ದಾರಿಯಲ್ಲಿ ಬೆರಳುದ್ದದ ಕೊಳವೆಯನ್ನು ಚೆಕ್‌ಪೋಸ್ಟ್‌ ಒಂದೇ ತಡೆಯಲಾರದು. ಮನೆ, ಕಾಲೇಜುಗಳಲ್ಲಿ ತಿಳಿವಳಿಕೆ ಮೊದಲೇ ತಲುಪಿರಬೇಕು. ಅದಕ್ಕಿಂತ ಮುಖ್ಯವಾಗಿ, ಮಗ ಅಥವಾ ಮಗಳು ಏನನ್ನೋ ಸೇದಿ, ತಿಂದು ತತ್ತರಿಸಿದರೆ ಬೈಗುಳಕ್ಕೆ ಹೊತ್ತಲ್ಲ. ಆಸ್ಪತ್ರೆಗೆ ಕರೆದೊಯ್ದು, ಮಾನ ಹೋಯಿತೆಂದು ಮುಚ್ಚಿಡದೆ ಏನು ತೆಗೆದುಕೊಂಡರೆಂದು ವೈದ್ಯರಿಗೆ ಹೇಳಬೇಕು. ಮನಸ್ಸಿನ ಕಳವಳಕ್ಕೆ ಟೆಲಿ-ಮಾನಸ್‌ ಸಹಾಯವಾಣಿ 14416 ಇದೆ. ಒಳಗೆ ಏನಿದೆ ಎಂದು ಸೇದಿದವರಿಗೇ ತಿಳಿಯದ ವಸ್ತುವಿನ ಎದುರು, ಮುಚ್ಚುಮರೆಯಿಲ್ಲದ ಮಾತೇ ಚಿಕಿತ್ಸೆಯ ಮೊದಲ ಹೆಜ್ಜೆ.