ಅಜ್ಜನ ಆಪರೇಷನ್ನಿಗೆ ದುಡ್ಡು ಕೊಡೋದು ಯಾರು?

ಕಾಯ್ಕಿಣಿಯ ಒಬ್ಬ ಅಜ್ಜ ಹರ್ನಿಯಾ ಆಪರೇಷನ್ನಿಗೆ ಭಟ್ಕಳದ ಸರ್ಕಾರಿ ಆಸ್ಪತ್ರೆಗೆ ಬಂದ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಮಡಚಿ ಮಡಚಿ ಸವೆದ ರೇಷನ್ ಕಾರ್ಡು, ಆಧಾರ್. ಅಜ್ಜ ದುಡ್ಡು ಕೊಡಬೇಕಾಗಿಲ್ಲ. ಆದರೆ ಆಸ್ಪತ್ರೆಗೆ ದುಡ್ಡು ಬರುತ್ತೆ, ಗೊತ್ತಾ?

ಮೊದಲೆಲ್ಲ ವರ್ಷಕ್ಕಿಷ್ಟು ಅಂತ ಅನುದಾನ. ಹತ್ತು ಆಪರೇಷನ್ ಮಾಡಿದರೂ ಅಷ್ಟೇ, ನೂರು ಮಾಡಿದರೂ ಅಷ್ಟೇ. ಸಂಬಳ, ಅನುದಾನ ಈಗಲೂ ಸರ್ಕಾರದ್ದೇ. ಅದರ ಮೇಲೆ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದೊಂದು ಚಿಕಿತ್ಸೆಗೂ ಒಂದು ಕೋಡ್, ಒಂದು ಪ್ಯಾಕೇಜ್ ದರ. ಆಸ್ಪತ್ರೆ ಕ್ಲೇಮ್ ಹಾಕುತ್ತೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪರಿಶೀಲಿಸಿ ಹಣ ಕೊಡುತ್ತೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹೀಗೆ ಚಿಕಿತ್ಸೆಗಿಷ್ಟು ಅಂತ ದರ ಕಟ್ಟೋ ದಾರಿಯನ್ನು ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ 1983ರಲ್ಲೇ ಹಿಡಿದಿತ್ತು.

ಮಾಡಿದ ಕೆಲಸಕ್ಕೆ ಹಣ. ನ್ಯಾಯವೇ. ಆದರೆ ಸರ್ಜನ್ ಇಲ್ಲದ, ಅರಿವಳಿಕೆ ಡಾಕ್ಟರ್ ಇಲ್ಲದ ಆಸ್ಪತ್ರೆ ಏನು ಗಳಿಸೀತು? ದೊಡ್ಡ ಕಾಯಿಲೆ ಅಂದರೆ ನಮ್ಮ ಜನ ಮಣಿಪಾಲ, ಮಂಗಳೂರಿಗೆ ಓಡ್ತಾರೆ. ಕ್ಲೇಮಿನ ಹಣವೂ ಅವರ ಹಿಂದೆಯೇ ಹೋಗುತ್ತೆ. ಹಾವು ಕಚ್ಚಿದವರು ಯಾರಾದರೂ ಬಂದಾರು ಅಂತ ರಾತ್ರಿ ಮೂರಕ್ಕೂ ಎಚ್ಚರವಿರೋ ನರ್ಸಮ್ಮನ ಕಾಯುವಿಕೆಗೆ ಯಾವ ಕೋಡ್? ಅದಕ್ಕೇ ಅನುದಾನ ಒಂದು ಪೈಸೆಯೂ ಕಡಿಮೆಯಾಗಬಾರದು ಅನ್ನೋದು ನನ್ನ ಮಾತು.

ನೀವು ಅಡ್ಮಿಟ್ ಆಗುವಾಗ, 'ಹೆಂಗೂ ಫ್ರೀ, ಕಾರ್ಡ್ ಯಾಕೆ' ಅನ್ನಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳೋ ಆರೋಗ್ಯ ಮಿತ್ರರನ್ನು ಕೇಳಿ, ಕಾರ್ಡ್ ಕೊಡಿ. ಅದು ದಾಖಲಾಗದಿದ್ದರೆ ಆ ಹಣ ನಮ್ಮ ಆಸ್ಪತ್ರೆಗೆ ಬರೋದಿಲ್ಲ.